ಮುಂಡಪ್ಪ ಯಾತ್ರಾದ ಡೈರೆಕ್ಟರುಗಳು

ರುದ್ರವ್ವ ಮುಂಡಪ್ಪನವರ ಹೆಸರನ್ನು ಮೊದಲು ಕೇಳಿದ್ದು ಡೊಂಬಿವಲಿಯ ಕಾರ್ಖಾನೆ ಪ್ರದೇಶದ ಹಿಟ್ಟಿನ ಗಿರಣಿಯಲ್ಲಿ, ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತಾಗ. ಮುಂದೆ ನಿಂತಿದ್ದ ಮಾನಮ್ಮ ಆಗಷ್ಟೇ ಕಾಶಿಗೆ ಹೋಗಿ ಬಂದಿದ್ದಳು. ಗಂಗೆ ಹೇಗಿದ್ದಳು, ವಿಶ್ವನಾಥನ ದರ್ಶನವಾಯಿತೇ ಎಂದು ಕೇಳಿದರೆ ಅದನ್ನೆಲ್ಲ ಬದಿಗೆ ಸರಿಸಿದಳು.

“ಅದಿರ್ಲಿ ಬಿಡವಾ. ಆ ಮುಂಡಪ್ಪ ಅನ್ನಾಂವ ಭಾಳ ಛಲೋ ಮನಶ್ಯಾ. ಹೋದವರನ್ನೆಲ್ಲಾ ತಿರುಗಿ ಕರಕೊಂಡು ಬರ್ತಾನ.”

“ಅದ್ರಾಗ ಏನ್ ದೊಡ್ಡಸ್ತಿಕಿ ಬಂತ?”

“ಹ್ವಾದ ವರ್ಷ ಬ್ಯಾರೇದಾಂವ ಒಬ್ಬ ನಮ್ಮ ನಾದಿನೀನ ಪ್ರಯಾಗದಾಗ ಬಿಟ್ಟು, ಯಾರದೋ ಮುದುಕೀನ ತಂದು ಕಲ್ಯಾಣದಾಗ ಇಳಿಸಿದ್ದ. ನಾದಿನಿ ಸೂರತ್ತಿನಾಗ ಸಿಕ್ಕಳು. ಈ ಮುದುಕಿ ಹೋಗಾಕ ಒಲ್ಲೆ ಅಂತಿದ್ಲು. ನಿಮ್ಮಲ್ಲಿ ಚಹಾ ಛಲೋ ಐತಿ ಅಂತ.”

ರುದ್ರವ್ವನ ಗಂಡ ತೀರಿಕೊಂಡು ಆಗ ವರ್ಷ ತುಂಬಿತ್ತು. ಹಿಟ್ಟಿನ ಬಿಸಿ ಆರುವ ಮೊದಲೇ ಡಬ್ಬಿ ಹೊತ್ತುಕೊಂಡು ಅವಳು ನೇರ ಮುಂಡಪ್ಪನವರ ಮನೆಗೆ ನಡೆದಳು.

ಅವರು ಉಡುಪಿ ಕಡೆಯವರು. ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತೇ ಕಳೆದವರು. ಕೂತು ಕೂತು ಬೇಸರ ಬಂದಿತೋ ಏನೋ, ಐವತ್ತು ದಾಟಿದ ಮೇಲೆ ತಿರುಗಾಟದ ಹುಚ್ಚು ಹಿಡಿದು ‘ಮುಂಡಪ್ಪ ಯಾತ್ರಾ’ ಶುರು ಮಾಡಿದ್ದರು. ಆಫೀಸೆಂದರೆ ಮನೆಯ ಬಾಲ್ಕನಿ. ಮೇಜೆಂದರೆ ಬಟ್ಟೆ ಒಗೆಯುವ ಮಶೀನು. ಹೆಂಡತಿ ಜಯಲತಾ ಮಶೀನು ಚಾಲೂ ಮಾಡಿದಳೆಂದರೆ ಬದರಿ, ಕೇದಾರ, ರಾಮೇಶ್ವರಗಳ ಚಿತ್ರಗಳೆಲ್ಲ ಗಡಗಡ ನಡುಗುತ್ತಿದ್ದವು. ಅದು ನೀರು ಹಿಂಡುವ ಹೊತ್ತಿಗೆ ಮುಂಡಪ್ಪನವರೂ ಗಿರಾಕಿಯೂ ಎರಡು ಕಡೆಯಿಂದ ಅವುಚಿ ಹಿಡಿದು ಸುಮ್ಮನೆ ನಿಲ್ಲಬೇಕು. ರುದ್ರವ್ವ ತನ್ನ ಮೊದಲ ಕಾಶಿಯಾತ್ರೆಯನ್ನು ಹಾಗೆ ಮಶೀನು ತಬ್ಬಿಕೊಂಡೇ ನಿಶ್ಚಯ ಮಾಡಿದಳು.

ಯಾತ್ರೆಯಲ್ಲಿ ಬೇರೆಯವರು ಬಾವುಟ ಹಿಡಿದರೆ ಇವರು ದೋಸೆ ಮಗುಚುವ ಸಟ್ಟುಗ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದರು. ಹರಿದ್ವಾರದ ಗದ್ದಲದಲ್ಲಿ ಯಾರ್ಯಾರೋ ಸಟ್ಟುಗದ ಹಿಂದೆ ಬರುತ್ತಿದ್ದರು, ತಿಂಡಿ ಸಿಕ್ಕೀತೆಂದು. ಸಿಗುತ್ತಲೂ ಇತ್ತು. ಅಡುಗೆಯ ಚೆನ್ನಯ ಒಲೆ, ಇಡ್ಲಿ ಅಟ್ಟ, ಒಗ್ಗರಣೆ ಸಮೇತ ಬಸ್ಸಿನಲ್ಲೇ ಬರುತ್ತಿದ್ದ. ಕಾಶಿಯ ಒಂದು ಹಳೆ ಧರ್ಮಶಾಲೆಯ ತಾರಸಿಯಲ್ಲಿ ಅವನು ಒಲೆ ಹಚ್ಚಿದರೆ ಕೆಳಗೆ ಓಣಿಯ ದನಗಳೂ ತಲೆಯೆತ್ತಿ ನೋಡುತ್ತಿದ್ದವು. ಹೀಗೆ ಎಷ್ಟೋ ವರ್ಷ ನಡೆಯಿತು. ರುದ್ರವ್ವ ಕಾಶಿಗೇ ಮೂರು ಸಲ ಹೋದಳು. ಮಗ ಶಿವರಾಜ, “ಅವ್ವಾ, ಇನ್ನ ನಿನ್ನ ಹಂತ್ಯಾಕ ತೊಳಿಯೂವಂಥಾ ಪಾಪ ಉಳದಿಲ್ಲ,” ಎಂದರೂ ಕೇಳಲಿಲ್ಲ.

ಆಮೇಲೊಂದು ವರ್ಷ ಆ ಧರ್ಮಶಾಲೆಯನ್ನು ಕೆಡವಿದರು.

ಮುಂಡಪ್ಪನವರು ಕಾಶಿಯ ಹೋಟೆಲುಗಳಿಗೆಲ್ಲ ಫೋನು ಹಚ್ಚಿದರು. ರೂಮು ಇದೆ ಎನ್ನುತ್ತಿದ್ದರು. ತಾರಸಿಯಲ್ಲಿ ಒಲೆ ಎಂದೊಡನೆ ಫೋನು ಕಟ್. ಒಬ್ಬನಂತೂ, ಕಂಪನಿ ಕಾಗದ ಮೇಲ್ ಮಾಡಿ, ಮನುಷ್ಯರ ಜೊತೆ ಮಾತಾಡುವುದಿಲ್ಲ ಎಂದನಂತೆ. ಚೆನ್ನಯನ ಅಡುಗೆಯಿಲ್ಲದೆ ನಮ್ಮ ಹೆಂಗಸರು ಮೋಕ್ಷಕ್ಕೂ ಹೋಗುವವರಲ್ಲ. ದೀಪಾವಳಿಯೊಳಗೆ ಒಂದು ತಾರಸಿ ಸಿಗದಿದ್ದರೆ ಮುಂಡಪ್ಪ ಯಾತ್ರಾ ಮುಗಿದಂತೆಯೇ.

ಆಗ ಸುದ್ದಿ ಬಂತು, ವಾಶಿಯ ದೊಡ್ಡ ಹಾಲಿನಲ್ಲಿ ಪ್ರವಾಸದ ಧಂದೆಯವರ ಮೇಳ ಇದೆ, ದೇಶದ ಹೋಟೆಲಿನವರೆಲ್ಲ ಬರುತ್ತಾರೆ ಎಂದು. ಮುಂಡಪ್ಪನವರು ಸ್ಟಾಲು ಹಾಕುತ್ತೇನೆಂದು ಕೂತರು. ರುದ್ರವ್ವ ಅಂದು ಅವರ ಬಾಲ್ಕನಿಯಲ್ಲೇ ಇದ್ದಳು.

“ಒಳಗೆ ಹೋಗ್ಲಿಕ್ಕೆ ಬಿಟ್ಟಿ ಅಂತೆ,” ಎಂದಳು ಜಯಲತಾ. “ಒಂದು ರೌಂಡ್ ಹೋಗಿ ಕೇಳಿ ಬನ್ನಿ. ಸ್ಟಾಲು ಎಂತಕ್ಕೆ ನಿಮಗೆ?”

“ನಾನು ಹೋಗಿ ಕೇಳಿದ್ರೆ ಬೇಡ್ಲಿಕ್ಕೆ ಬಂದವ ಆಗ್ತೇನೆ ಮಾರಾಯ್ತಿ. ಅವರಾಗಿ ಬಂದು ಕೇಳಿದ್ರೆ ನಾನು ಸೇಠ್. ನಿಂತವನಿಗೆ ‘ಆಗೇ ಚಲೋ’, ಮುಂದೆ ಹೋಗು ಅಂತಾರೆ, ಕೂತವನಿಗೆ ನಮಸ್ಕಾರ ಹಾಕ್ತಾರೆ. ಫೋನಲ್ಲಿ ನನ್ನ ಮುಖ ಕಾಣುದಿಲ್ಲ, ಅಲ್ಲಿ ಕಾಣ್ತದೆ.”

“ಕಂಡ್ರೆ ರೂಮು ಕೊಡುವಂಥ ಮುಖವಾ ಅದು?”

“ಇದೇ ಮುಖ ನೋಡಿ ನಿನ್ನ ಅಪ್ಪ ಹೆಣ್ಣೇ ಕೊಟ್ರು, ಮತ್ತೆ ಎಂತ?”

ಆದರೆ ಸ್ಟಾಲು ಖಾಲಿ ಹೊಡೆದರೆ ಅಪಶಕುನ ಎಂದು ಅವರಿಗೆ ಹೆದರಿಕೆ. ಊರ ಕಡೆಯವರು ಯಾರೇ ಹೋಟೆಲು ತೆರೆಯಲಿ, ಮೊದಲ ದಿನ ಬಳಗ ಬಂದು ತುಂಬುತ್ತದಲ್ಲ, ಹಾಗೆ ಆಗಬೇಕೆಂದು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದರು. ಮೇಲೆ ಗಣಪತಿ, ಕೆಳಗೆ ‘ಸ್ಟಾಲಿನ ಪ್ರಾರಂಭೋತ್ಸವಕ್ಕೆ ಸಕುಟುಂಬ ಬಂದು ಹರಸಬೇಕು’. ಧಂದೆಯವರಿಗಷ್ಟೇ ಇರುವ ಮೇಳಕ್ಕೆ ಹೀಗೆ ಯಾರೂ ಕರೆಯುವುದಿಲ್ಲವೆಂದು ಶಿವರಾಜ ಎಷ್ಟು ಹೇಳಿದರೂ ರುದ್ರವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅರಿಶಿನ ಕುಂಕುಮ ಹಚ್ಚಿ ಕರೆದ ಮೇಲೆ ಹೋಗದೆ ಇರುವುದುಂಟೇ?

ಮೇಳದ ದಿನ ಡೊಂಬಿವಲಿಯಿಂದ, ಕಲ್ಯಾಣದಿಂದ, ಟಿಟ್ವಾಳಾದಿಂದಲೂ ಹೆಂಗಸರು ರೇಷ್ಮೆಸೀರೆ ಉಟ್ಟು, ತೆಂಗಿನಕಾಯಿ, ಕುಪ್ಪಸದ ಕಣ ಹಿಡಿದು ಹೊರಟರು. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ವಾಶಿಗೆ ಬಂದರು. ಹಾಲಿನ ಬಾಗಿಲಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗಿ, “ಆಜಿ, ಕಂಪನೀಚಂ ನಾವ ಕಾಯ?” ಎಂದು ಮರಾಠಿಯಲ್ಲಿ ಕಂಪನಿಯ ಹೆಸರು ಕೇಳಿದಳು.

ರುದ್ರವ್ವ ಪತ್ರಿಕೆ ತೋರಿಸಿದಳು. ಹುಡುಗಿ ಅದನ್ನು ತಿರುವಿ ಮುರುವಿ ನೋಡಿದಳು. ಅದರಲ್ಲಿ ಇಂಗ್ಲಿಷಿನಲ್ಲಿದ್ದುದು ಮುಂಡಪ್ಪ ಯಾತ್ರಾ ಎಂಬುದೊಂದೇ. ಅದನ್ನೇ ಎಲ್ಲರಿಗೂ ಬರೆದಳು. ಹುದ್ದೆ ಏನೆಂದು ಹೇಳದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲವಂತೆ. ಹಿಂದೆ ಪಾಳಿ ಬೆಳೆಯುತ್ತಿತ್ತು. ಮೊದಲು ಕಂಡ ಹುದ್ದೆಯನ್ನೇ ಒತ್ತುತ್ತ ಹೋದಳು. ಹೀಗೆ ನಲವತ್ತು ಹೆಂಗಸರೂ ಕೊರಳಲ್ಲಿ ‘ಡೈರೆಕ್ಟರ್’ ಎಂಬ ಚೀಟಿ ತೂಗಿಸಿಕೊಂಡು ಒಳಗೆ ಬಂದರು.

“ತಾಳಿಗಿಂತ ಇದರ ದಾರಾನ ಗಟ್ಟಿ ಐತಿ,” ಎಂದಳು ಮಾನಮ್ಮ.

ಒಳಗೆ ಸಿಂಗಾಪುರವಿತ್ತು, ದುಬೈ ಇತ್ತು, ಹಿಮದ ಗುಡ್ಡಗಳ ದೊಡ್ಡ ದೊಡ್ಡ ಚಿತ್ರಗಳಿದ್ದವು. ಜನರು ಮಾತ್ರ ಕಡಿಮೆ. ಮುಂಡಪ್ಪನವರ ಪುಟ್ಟ ಸ್ಟಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಜಯಲತಾಗೆ ಹೆಂಗಸರು ಪಾಳಿ ಹಚ್ಚಿ ಕುಂಕುಮವಿಟ್ಟು ಕಣ ಕೊಡುತ್ತಿದ್ದರು. ಚೆನ್ನಯ ಶಿರಾ ಹಂಚುತ್ತಿದ್ದ. ಕೂರಲು ಸಾಲದೆ ದುಬೈ ಸ್ಟಾಲಿನ ಕುರ್ಚಿಗಳೆಲ್ಲ ಮುಂಡಪ್ಪನವರ ಕಾಶಿಗೆ ಬಂದವು. ಸ್ವಲ್ಪ ಹೊತ್ತಿಗೆ ದುಬೈಯ ಹುಡುಗಿಯೂ ಬಂದು ಕೂತು ಎರಡನೇ ಸಲ ಶಿರಾ ಹಾಕಿಸಿಕೊಂಡಳು.

ಮಧ್ಯಾಹ್ನದ ಮೇಲೆ ಕಾಶಿಯ ಹೋಟೆಲಿನವನೊಬ್ಬ ಗುಂಪು ನೋಡಿ ಬಂದ. ಹೆಸರು ಮುರಾರಿ, ಬಾಯಲ್ಲಿ ಎಲೆಯಡಿಕೆ. ರುದ್ರವ್ವನ ಕೊರಳ ಚೀಟಿ ಓದಿದ. ಮಾನಮ್ಮನದನ್ನು ಓದಿದ. ಸುತ್ತ ಕಣ್ಣಾಡಿಸಿ ಕೈ ಮುಗಿದ.

“ಇಷ್ಟೊಂದು ಡೈರೆಕ್ಟರುಗಳೇ? ಬಸ್ಸುಗಳು ಎಷ್ಟು, ಮಾತಾಜೀ?” ಎಂದು ಹಿಂದಿಯಲ್ಲಿ ಕೇಳಿದ.

ಬಸ್ಸು ಒಂದೇ, ಅದೂ ಬಾಡಿಗೆಯದು. ಮುಂಡಪ್ಪನವರು ಹಿಂದಿನಿಂದ ಕನ್ನಡದಲ್ಲಿ ಪಿಸುಗುಟ್ಟಿದರು: “ಅಕ್ಕಾ, ಐದಾರು ಉಂಟು ಅಂತ ಹೇಳಿ.”

“ಕಾಶಿಯಾಂವಗ ಸುಳ್ಳ ಹೇಳಿ, ಅದ ಕಾಶ್ಯಾಗ ಮುಳಗೂದ್ಹ್ಯಾಂಗ್ರೀ?”

“ಮುಳುಗಿದ್ರೆ ಪಾಪ ಹೋಗ್ತದಲ್ಲ.”

“ಅದು ಹಳೇ ಪಾಪಕ್ಕ. ಅಡ್ವಾನ್ಸ್ ಮಾಡಿದ್ದಕ್ಕಲ್ಲ.”

ಅವಳು ಮುರಾರಿಗೆ ತನ್ನ ಡೊಂಬಿವಲಿ ಹಿಂದಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು: ಬಸ್ಸು ಒಂದು, ನಾವು ಡೈರೆಕ್ಟರಲ್ಲ, ಬಾಗಿಲ ಹುಡುಗಿ ಮಾಡಿದ್ದು, ನಾವು ಆ ಬಸ್ಸಿನಲ್ಲಿ ಕೂತು ಹೋಗುವವರು. ಮುಂಡಪ್ಪನವರು ಕಣ್ಣು ಮುಚ್ಚಿಕೊಂಡರು.

ಮುರಾರಿ ಹೋಗಲಿಲ್ಲ. ಬೆಳಗಿನಿಂದ ಗಿರಾಕಿ ಕಳಿಸುತ್ತೇನೆ ಎನ್ನುವವರನ್ನೇ ಕಂಡು ಸಾಕಾಗಿದೆ, ಗಿರಾಕಿಗಳನ್ನೇ ತಂದು ಕೂರಿಸಿದವರನ್ನು ಇಲ್ಲಿ ಕಂಡೆ ಎಂದು ದುಬೈಯ ಕುರ್ಚಿ ಎಳೆದು ಕೂತುಬಿಟ್ಟ. ಅದೇ ಅವನ ತಪ್ಪಾಯಿತು, ಹೆಂಗಸರೆಲ್ಲ ಮುತ್ತಿಕೊಂಡರು. ಬೆಳಗಿನ ಜಾವ ಬಿಸಿನೀರು ಬರುತ್ತದೋ? ಮೆಟ್ಟಿಲು ಎಷ್ಟು ಎತ್ತರ? ಸೀರೆ ಎಲ್ಲಿ ಒಣಹಾಕುವುದು? ಮಂಗ ಒಯ್ದರೆ ಯಾರು ತಂದುಕೊಡುವುದು? ಎಲ್ಲದಕ್ಕೂ ಅವನು ಹೂಂ ಎಂದ. ತಾರಸಿಯ ಒಲೆಗೆ ಮಾತ್ರ ಒಲ್ಲೆನೆಂದ. ಬೇಕಾದರೆ ತನ್ನ ಅಡುಗೆಯವನೇ ಇಡ್ಲಿ ಮಾಡುತ್ತಾನೆ ಎಂದ. ಕಾಶಿಯವನ ಇಡ್ಲಿ ನೆನೆದು ಹೆಂಗಸರೆಲ್ಲ ತಲೆ ತಗ್ಗಿಸಿದರು.

ಅಷ್ಟರಲ್ಲಿ ಮಾನಮ್ಮ ಗಡಿಯಾರ ನೋಡಿದಳು. ಐದರ ಮೇಲಿನ ನೂಕುನುಗ್ಗಲಿನಲ್ಲಿ ಠಾಣೆಯಲ್ಲಿ ಗಾಡಿ ಹತ್ತುವುದು ಯಾರಿಂದಾದೀತು? “ಏಳ್ರಿ,” ಎಂದಳು. ನಲವತ್ತು ಡೈರೆಕ್ಟರುಗಳು ಒಮ್ಮೆಲೇ ಎದ್ದು, ಸೆರಗು ಹೊದ್ದು, ಬಾಗಿಲ ಕಡೆ ತಿರುಗಿದರು.

ಒಲೆಯ ಮಾತಿಗೆ ಮುನಿದು ಎದ್ದರೆಂದು ಮುರಾರಿ ಗಾಬರಿಯಾದ. ಎಲೆಯಡಿಕೆ ನುಂಗಿಕೊಂಡು ಅವರ ದಾರಿಗೆ ಅಡ್ಡ ನಿಂತ. “ಬೈಠಿಯೇ, ಮಾತಾಜೀ. ಛತ್ ಆಪ್‌ಕೀ. ತಾರಸಿ ನಿಮ್ಮದೇ, ಒಲೆಯೂ ಇರಲಿ.”

“ಅದನ್ನ ಮುಂಡಪ್ಪನವರ ಕಡೆ ಮಾತಾಡಪಾ,” ಎಂದಳು ರುದ್ರವ್ವ. “ನಮಗ ಗಾಡಿ ತಪ್ಪತೈತಿ.”

ಆ ವರ್ಷ ಯಾತ್ರೆ ಹೊರಟಿತು, ಮುಂದಿನ ವರ್ಷಗಳಲ್ಲೂ ಹೊರಟಿತು. ಮುಂಡಪ್ಪನವರು ಒಂದು ಮೇಳವನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ಪತ್ರಿಕೆ, ಶಿರಾ, ಐದಕ್ಕೆ ಸರಿಯಾಗಿ ಎಲ್ಲರೂ ಏಳುವುದು. ಮುರಾರಿಗೂ ಅವರಿಗೂ ಅಣ್ಣತಮ್ಮಂದಿರ ಸಲಿಗೆ ಬೆಳೆಯಿತು. ರೂಮಿನ ರೇಟಿನ ವಿಷಯದಲ್ಲಿ ಮಾತ್ರ ದಾಯಾದಿಗಳ ಹಾಗೆ ಆಡುತ್ತಿದ್ದರು.

ಐದಾರು ವರ್ಷದ ಮೇಲೆ ಮುಂಡಪ್ಪನವರಿಗೆ ಎದೆಯ ಕಾಯಿಲೆ ಬಂತು. ಡಾಕ್ಟರು ಕೈ ಬಿಟ್ಟು ಮನೆಗೆ ಕಳಿಸಿದ ಮೇಲೆ ರುದ್ರವ್ವ ನೋಡಲು ಹೋದಳು. ಅವರು ತುಂಬ ಇಳಿದುಹೋಗಿದ್ದರು. ಜಯಲತಾ ಗಂಜಿ ತರಲು ಒಳಗೆ ಹೋದದ್ದನ್ನು ನೋಡಿ, ಹತ್ತಿರ ಬರುವಂತೆ ಸನ್ನೆ ಮಾಡಿದರು.

“ಅಕ್ಕಾ, ಈ ಸರ್ತಿ ವಾಶಿಯಲ್ಲಿ ನೀವೇ ಕೂತ್ಕೊಳ್ಬೇಕು. ಜಯಲತಾ ಆಗ್ಲಿಕ್ಕಿಲ್ಲ, ರೇಟಿನ ಮಾತು ಬಂದ್ರೆ ಪಾಪ ಅಂತ ಹೋಟೆಲಿನವರ ಪರವೇ ಮಾತಾಡ್ತಾಳೆ.”

“ನೀವ ಬರ್ತೀರಿ ಸುಮ್ನಿರ್ರಿ.”

“ಇಲ್ಲ. ಕೇಳಿ. ನಾನು ಹೋದದ್ದನ್ನು ಮುರಾರಿಗೆ ಫೋನಲ್ಲಿ ಹೇಳ್ಬೇಡಿ. ಸ್ಟಾಲಿಗೆ ಬರ್ಲಿ, ಕೂತ್ಕೊಳ್ಲಿ. ರೇಟಿನ ಮಾತು ತೆಗೆಯುವ ಮುಂಚೆ ಹೇಳಿ, ಆಮೇಲೆ ಅಲ್ಲ. ಅಳುವವ ರೇಟು ಏರಿಸುದಿಲ್ಲ.”