ಗೌರಮ್ಮನ ನಾಮಕ್ಕೆ ಬಿದ್ದ ಹದಿನೇಳು ವಿಕೆಟ್

ಮಧ್ಯಾಹ್ನ ಮೂರೂವರೆಗೆ ಟೆಸ್ಟ್ ಶುರುವಾಗುವುದಿದ್ದರೆ ಮೂರು ಇಪ್ಪತ್ತೈದಕ್ಕೆ ವೆಂಕಟಾಚಲನ ಫೋನು ಬಡಿಯುತ್ತಿತ್ತು.

"ಕೂತ್ಯೇನೋ?" ಎಂದು ಅಕ್ಕ ಗೌರಮ್ಮ ಕೇಳುವಳು.

"ಕೂತೆ ಕಣಕ್ಕ" ಎನ್ನುವನು.

ಅಲ್ಲಿಗೆ ಮಾತು ಮುಗಿಯಿತು. ಫೋನನ್ನು ಸ್ಪೀಕರಿಗೆ ಹಾಕಿ ಉಯ್ಯಾಲೆಯ ಹಲಗೆಯ ಮೇಲೆ ಪಕ್ಕಕ್ಕೆ ಇಟ್ಟುಕೊಂಡರೆ ಆಟ ಮುಗಿಯುವವರೆಗೆ ಅದು ಹಾಗೇ. ವಡೋದರಾದ ಮಕರಪುರದಲ್ಲಿ ತಮ್ಮ, ಅಹಮದಾಬಾದಿನ ವಸ್ತ್ರಾಪುರದಲ್ಲಿ ಅಕ್ಕ. ನಡುವಿನ ನೂರು ಕಿಲೋಮೀಟರು ದಾಟಿ ಅವಳ ಮನೆಯ ಕುಕ್ಕರಿನ ಸೀಟಿ, ಅವಳ ಬಳೆಯ ಸದ್ದು, ಒಮ್ಮೊಮ್ಮೆ ಅವಳ ಉಸಿರು ಕೂಡ ಅವನ ಪಕ್ಕಕ್ಕೆ ಬಂದು ಕೂರುತ್ತಿದ್ದವು.

ಹತ್ತೊಂಬತ್ತನೆಯ ವಯಸ್ಸಿಗೆ ಅರಸೀಕೆರೆ ಬಿಟ್ಟು ಅಕ್ಕನ ಬೆನ್ನು ಹಿಡಿದು ಬಂದವನು ಅವನು. ಭಾವ ಕೃಷ್ಣಮೂರ್ತಿಗಳಿಗೆ ಅಹಮದಾಬಾದಿನ ಸಂಶೋಧನಾಲಯದಲ್ಲಿ ಕೇಂದ್ರ ಸರ್ಕಾರದ ಕೆಲಸ. ಅವರ ಪರಿಚಯದವರೊಬ್ಬರು ಹುಡುಗನನ್ನು ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗೆ ಸೇರಿಸಿದರು. ಅಲ್ಲಿ ಮೂವತ್ತೆಂಟು ವರ್ಷ ತಾಮ್ರದ ತಂತಿ ಸುತ್ತಿದ. ತಂತಿ ಸುತ್ತುವವನು ಮನಸ್ಸಿನಲ್ಲೇ ಸುತ್ತು ಎಣಿಸುತ್ತಿರಬೇಕು. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಮಾತಾಡಿಸಲು ಬಂದವರಿಗೆ ಅಂಗೈ ತೋರಿಸಿ ತಡೆಯುತ್ತಿದ್ದ. ಜೊತೆಯವರು ಅವನಿಗೆ ಮೌನಿಬಾಬಾ ಎಂದು ಹೆಸರಿಟ್ಟರು. ಮನೆಗೆ ಬಂದ ಮೇಲೂ ಬಾಬಾ ಬಾಬಾನೇ. ಇಬ್ಬರ ಪಾಲಿನ ಮಾತನ್ನೂ ಹೆಂಡತಿ ಸುಮಿತ್ರಾ ಒಬ್ಬಳೇ ಆಡುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಸುಮಿತ್ರಾ ಹೋದಳು. ಆಮೇಲೆ ವೆಂಕಟಾಚಲ ಟಿವಿಯ ಸದ್ದನ್ನು ಪೂರ್ತಿ ಇಳಿಸಿಬಿಟ್ಟ. ಮನೆಯಲ್ಲಿ ಅವಳದಲ್ಲದ ಧ್ವನಿ ಅವನಿಗೆ ಬೇಡವಾಗಿತ್ತು. ಮಕ್ಕಳಿರಲಿಲ್ಲ. ಫೋನು ಮಾಡಿದವರಿಗೆ ಹೂಂ, ಉಹೂಂ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅಕ್ಕ ಒಂದು ತಿಂಗಳು ನೋಡಿದಳು, ಎರಡು ತಿಂಗಳು ನೋಡಿದಳು. ಆಗ ಯಾವುದೋ ಟೆಸ್ಟ್ ನಡೆಯುತ್ತಿತ್ತು. "ಮಾತಾಡಬೇಡ, ಬಿಡು. ಮ್ಯಾಚ್ ಹಾಕ್ಕೊಂಡು ಸುಮ್ನೆ ಕೂತ್ಕೋ. ನಾನೂ ಇಲ್ಲಿ ಕೂತ್ಕೋತೀನಿ" ಎಂದಳು. ಟೆಸ್ಟ್ ಕ್ರಿಕೆಟ್ ಎನ್ನುವುದು ಐದು ದಿನ ಸುಮ್ಮನೆ ಕೂರಲು ದೇವರೇ ಕೊಟ್ಟ ನೆಪ. ಆ ನೆಪದಲ್ಲಿ ಅವನು ಮೆಲ್ಲಗೆ ಊಟ ಮಾಡಲು ಕಲಿತ, ಗಡ್ಡ ಬೋಳಿಸಲು ಕಲಿತ.

ಈ ವರ್ಷದ ಸರಣಿ ಶುರುವಾದಾಗ ಅಕ್ಕನ ಮನೆಗೆ ಹೊಸ ಟಿವಿ ಬಂದಿತ್ತು, ಇಂಟರ್‌ನೆಟ್ಟಿನಲ್ಲಿ ಬರುವಂಥದ್ದು. ಮೊದಲ ದಿನವೇ ವೆಂಕಟಾಚಲನಿಗೆ ವಿಚಿತ್ರವೊಂದು ಕಂಡಿತು. ಅವನ ಹಳೆಯ ಡಿಶ್ಶಿನಲ್ಲಿ ಚೆಂಡು ಗಡಿ ದಾಟಿ, ಆಟಗಾರ ಕೈಗವಸು ಸರಿಮಾಡಿಕೊಂಡು, ಮುಂದಿನ ಚೆಂಡಿಗೆ ತಯಾರಾಗುತ್ತಿರುವಾಗ ಫೋನಿನಲ್ಲಿ ಅಕ್ಕ "ಹೋಯ್ತು, ನಾಲ್ಕು" ಎನ್ನುತ್ತಿದ್ದಳು. ಅರ್ಧ ನಿಮಿಷದ ಅಂತರ. ಅವಳು ಅದನ್ನು ಅರಿಯಳು. ಅವನ ಟಿವಿಗೆ ಸದ್ದಿಲ್ಲವಲ್ಲ, ಫೋನಿನಲ್ಲಿ ಕೇಳಿಸಬೇಕೆಂದರೂ ಏನು ಕೇಳಿಸೀತು?

ಎರಡನೆಯ ಟೆಸ್ಟಿನ ದಿನ ಅಕ್ಕನ ಧ್ವನಿ ತೀರ ಇಳಿದಿತ್ತು. ಬೆಳಿಗ್ಗೆ ಡಾಕ್ಟರು ಅವಳ ಎದೆಯ ಕವಾಟ ಸವೆದಿದೆ, ಬದಲಾಯಿಸಬೇಕು ಎಂದಿದ್ದರಂತೆ. ವೆಂಕಟಾಚಲನಿಗೆ ಸಮಾಧಾನದ ಮಾತು ಬಾರದು. ಅಷ್ಟರಲ್ಲಿ ಅವನ ಟಿವಿಯಲ್ಲಿ ಎದುರಾಳಿಯ ಸ್ಟಂಪು ಹಾರಿತು. ಏನು ಬುದ್ಧಿ ಬಂತೋ, "ಅಕ್ಕ, ಒಂದು ನಾಮ ಹೇಳು. ಈ ಚೆಂಡಿಗೆ ಬೀಳ್ತಾನೆ" ಎಂದ.

"ಹರೇ ಶ್ರೀನಿವಾಸ" ಎಂದಳು ಅಕ್ಕ, ಮಗುವಿನ ಹಾಗೆ.

ಉಯ್ಯಾಲೆ ಎರಡು ಸಲ ಹೋಗಿ ಬಂತು. ಆಮೇಲೆ ಫೋನಿನಲ್ಲಿ ನಗು ಕೇಳಿಸಿತು. ಅರಸೀಕೆರೆಯ ಹಿತ್ತಿಲಲ್ಲಿ ಲಂಗ ಎತ್ತಿ ಕಟ್ಟಿ ಕುಂಟೆಬಿಲ್ಲೆ ಆಡುತ್ತಿದ್ದವಳ ನಗು ಅದು. ಎಪ್ಪತ್ತೆರಡರ ಅಕ್ಕನಲ್ಲಿ ಅದು ಇನ್ನೂ ಉಳಿದಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ನಗುವಿನ ಆಸೆಗೆ ಮತ್ತೆ ಹೇಳಿದ. ಮತ್ತೆ. ದಿನಕ್ಕೊಂದೋ ಎರಡೋ, ಅನುಮಾನ ಬಾರದಷ್ಟು. ಉಳಿದ ಹೊತ್ತೆಲ್ಲ ಆ ಅರ್ಧ ನಿಮಿಷದಲ್ಲಿ ಅವನು ತೇಲುತ್ತ ಕೂರುತ್ತಿದ್ದ. ಅಲ್ಲಿ ಎಲ್ಲ ಆಗಿಹೋಗಿದೆ, ಇಲ್ಲಿ ಅಕ್ಕ ಇನ್ನೂ ಕಾಯುತ್ತಿದ್ದಾಳೆ. ಮುಗಿದುಹೋದ ಚೆಂಡಿಗೆ ಅವಳು ಉಸಿರು ಬಿಗಿಹಿಡಿಯುವುದು ಕೇಳಿಸುತ್ತಿತ್ತು. ನದಿಯ ಮೇಲಿನ ದಂಡೆಯಲ್ಲಿ ಕೂತು ತೇಲಿಬಿಟ್ಟ ಹೂವು ಕೆಳಗಿನ ದಂಡೆಯವಳ ಕೈಗೆ ಯಾವಾಗ ಸಿಕ್ಕೀತೆಂದು ನೋಡುವ ಹಾಗೆ ಅವನು ನೋಡುತ್ತಿದ್ದ.

ಸರಣಿ ಎರಡು–ಎರಡರಲ್ಲಿ ಸಮವಾಗಿ ಮುಗಿದ ಮರುದಿನ ಭಾವ ಫೋನು ಮಾಡಿದರು.

"ವೆಂಕಟ, ನಿಮ್ಮಕ್ಕ ಆಪರೇಷನ್ ಬೇಡ ಅಂತ ಕೂತಿದ್ದಾಳೆ. ಡಾಕ್ಟರು ಗುರುವಾರ ಅಂತ ಇಟ್ಟಿದಾರೆ, ಸೋಮವಾರದೊಳಗೆ ಹೇಳ್ಬೇಕು. ತಡ ಆದ್ರೆ ಕಷ್ಟ ಅಂತಾರೆ. ಇವಳು ಕೇಳ್ಬೇಕಲ್ಲ. ನನ್ನ ನಾಮಕ್ಕೆ ಹದಿನೇಳು ವಿಕೆಟ್ ಬಿದ್ದಿದೆ, ಇದೂ ನಾಮಕ್ಕೇ ಹೋಗುತ್ತೆ ಅಂತಾಳೆ."

ವೆಂಕಟಾಚಲ ಉಯ್ಯಾಲೆಯನ್ನು ಕಾಲಿನಿಂದ ತಡೆದು ನಿಲ್ಲಿಸಿದ.

"ಅದು ಹೇಗೆ ಬಿತ್ತು ಅಂತ ನಾನು ಕೇಳಲ್ಲ" ಎಂದರು ಭಾವ. ಸಂಶೋಧನಾಲಯದಲ್ಲಿ ತಲೆ ನರೆಸಿಕೊಂಡವರು. "ಭಾನುವಾರ ಬರ್ತೀಯಲ್ಲ, ಆವಾಗ ನೀನೇ ಹೇಳ್ಬಿಡು. ಅಕ್ಕ, ಆಪರೇಷನ್ ಮಾಡಿಸ್ಕೋ, ಎಲ್ಲ ಸರಿಹೋಗುತ್ತೆ, ನನಗೆ ಕಾಣ್ತಾ ಇದೆ ಅಂತ. ನೀನು ಅಂದ್ರೆ ಹೋಗ್ತಾಳೆ."

ಇನ್ನೊಂದೇ ಒಂದು ಸುಳ್ಳು. ಅದರಿಂದ ಅಕ್ಕ ಉಳಿಯುತ್ತಾಳೆ. ನಿಜ ಹೇಳಿದರೆ ಅವಳ ನಂಬಿಕೆಯೇ ಒಡೆದು, ತಮ್ಮನನ್ನೂ ಡಾಕ್ಟರನ್ನೂ ದೇವರನ್ನೂ ಒಟ್ಟಿಗೆ ದೂಡಿ ಮುಸುಕು ಹೊದ್ದು ಮಲಗಿದರೆ? ಆದರೆ ಈ ಸಲ ತನಗೆ ಏನೂ ಕಂಡಿಲ್ಲವಲ್ಲ. ಭಾನುವಾರ ಬೆಳಗಿನ ರೈಲಿನಲ್ಲಿ, ಆಣಂದ್ ದಾಟಿ ನಡಿಯಾದ್ ದಾಟಿ, ಕಿಟಕಿಯಾಚೆ ತಂಬಾಕಿನ ಹೊಲಗಳು ಹಿಂದೆ ಸರಿಯುತ್ತಿದ್ದಾಗ, ಅವನು ಆ ಒಂದು ವಾಕ್ಯವನ್ನು ಹತ್ತಾರು ಬಗೆಯಲ್ಲಿ ಬಾಯಲ್ಲೇ ಹೇಳಿ ನೋಡಿದ. ಒಂದು ಬಗೆಯೂ ಸರಿಬರಲಿಲ್ಲ.

ಸರಣಿ ಮುಗಿದ ಮೇಲಿನ ಭಾನುವಾರ ಗೌರಮ್ಮನ ಮನೆಯಲ್ಲಿ ಎಲೆ ಹಾಕುವುದು ಎಂಬ ಪದ್ಧತಿ. ಬಾಳೆ ಎಲೆಯೇನೂ ಇರುವುದಿಲ್ಲ. ಆಟಗಾರರನ್ನು ಒಬ್ಬೊಬ್ಬರನ್ನಾಗಿ ಪಂಕ್ತಿಗೆ ಕರೆದು, ಅವರವರ ಆಟಕ್ಕೆ ತಕ್ಕಂತೆ ಮಾತಿನಲ್ಲೇ ಬಡಿಸುವುದು. ಏನೂ ಮಾಡದವನಿಗೆ ಎಲೆಯ ಮೂಲೆಯ ಉಪ್ಪು. ಅಲ್ಲಿಂದ ಕೋಸಂಬರಿ, ಪಲ್ಯ, ಸಾರನ್ನ, ಪಾಯಸ. ಸರಣಿಯನ್ನೇ ಎತ್ತಿ ಹಿಡಿದವನಿಗೆ ಹೋಳಿಗೆ. ಇದಕ್ಕೆಂದು ಸೂರತ್‌ನಿಂದ ಗಿರಿಧರ ಬರುತ್ತಾನೆ. ಬ್ಯಾಂಕಿನಿಂದ ನಿವೃತ್ತನಾದವನು, ಭಾವನ ಹಳೆಯ ಸ್ನೇಹಿತ, ಬಾಯಿ ಮಾತ್ರ ಜೋರು. ಆವತ್ತೂ ಸೂರತ್‌ನ ಘಾರಿಯ ಡಬ್ಬಿ ಹಿಡಿದು ಬಂದ. ತುಪ್ಪದಲ್ಲಿ ಮುಳುಗಿದ ಆ ಸಿಹಿಯನ್ನು ನೋಡಿ ಕೃಷ್ಣಮೂರ್ತಿಗಳು, "ಒಬ್ಬಳಿಗೆ ಎದೆ ಸರಿಯಿಲ್ಲ ಅಂದ್ರೆ ಎಲ್ಲರ ಎದೆಗೂ ಸುಣ್ಣ ಬಳಿಯೋಕೆ ಬಂದ್ಯಾ?" ಎಂದರು.

"ಮೊದಲು ನಿಧಾನಪ್ಪನ್ನ ಕೂರಿಸಿ" ಎಂದ ಗಿರಿಧರ. ಆರಂಭಿಕ ಆಟಗಾರನಿಗೆ ಗೌರಮ್ಮ ಇಟ್ಟ ಹೆಸರು ಅದು. "ಉಪ್ಪು. ಅಷ್ಟೇ. ಅವನು ಹನ್ನೆರಡು ರನ್ನಿನಲ್ಲಿದ್ದಾಗ ನಾನು ಭರೂಚ್‌ಗೆ ಹೋಗಿ ಒಂದು ನಾಮಕರಣ ಮುಗಿಸಿಕೊಂಡು ಬಂದೆ. ಬಂದಾಗ ಹದಿನಾಲ್ಕು."

"ಅವನು ಚೆಂಡಿನ ಹೊಳಪು ತೆಗೆದುಕೊಟ್ಟಿದ್ದಕ್ಕೆ ತಾನೇ ಉಳಿದವರು ಬೀಸಿದ್ದು?" ಎಂದಳು ಗೌರಮ್ಮ. "ಒಗ್ಗರಣೆಗೆ ಎಣ್ಣೆ ಕಾಯಿಸಿದವರನ್ನ ಯಾರೂ ಕೇಳಲ್ಲ, ಘಮ್ ಅಂದಿದ್ದು ಇಂಗು ಅಂತಾರೆ. ಸಾರನ್ನ ಬಡಿಸಿ ಅವನಿಗೆ."

"ಸರಿ, ಸಾರು ತೆಳ್ಳಗಿರಲಿ. ಮುಂದಕ್ಕೆ ನಮ್ಮ ಮಡಿ ಹುಡುಗ."

ಅದು ವಿಕೆಟ್ ಕೀಪರ್. ಮೂರನೆಯ ಟೆಸ್ಟಿನಲ್ಲಿ ನಾಲ್ಕು ಕ್ಯಾಚು ಬಿಟ್ಟಿದ್ದ. ಮಡಿಯುಟ್ಟವರ ಹಾಗೆ ಚೆಂಡನ್ನು ಮುಟ್ಟುವುದೇ ಇಲ್ಲ ಎಂದು ಗಿರಿಧರನೇ ಹೆಸರಿಟ್ಟಿದ್ದ. ಅವನಿಗೆ ಉಪ್ಪೋ ಕೋಸಂಬರಿಯೋ ಎಂದು ಕಾಲು ಗಂಟೆ ವಾದವಾಯಿತು. ಕೊನೆಯ ಟೆಸ್ಟಿನಲ್ಲಿ ಬೆರಳು ಊದಿಕೊಂಡರೂ ನಿಂತು ಎಪ್ಪತ್ತು ಹೊಡೆದನಲ್ಲ ಎಂದು ಕೃಷ್ಣಮೂರ್ತಿಗಳು ನೆನಪಿಸಿದ ಮೇಲೆ ಪಲ್ಯದವರೆಗೆ ಹೋದ. ವೇಗದ ಬೌಲರ್ ಉದ್ದಣ್ಣನಿಗೆ ಮಾತ್ರ ಚರ್ಚೆಯಿಲ್ಲದೆ ಹೋಳಿಗೆ, ಮೇಲೆ ತುಪ್ಪ.

ವೆಂಕಟಾಚಲ ಮೊದಲೇ ಮಾತು ಕಡಿಮೆಯವನು ಎಂದು ಯಾರೂ ಅವನನ್ನು ಗಮನಿಸಲಿಲ್ಲ, ಅಕ್ಕನ ಹೊರತು. ಅವಳು ಎರಡು ಸಲ ಅವನ ಕಡೆ ನೋಡಿದಳು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಫೋನಿನಲ್ಲಿ ಕೇಳಿಸಿದ್ದಕ್ಕಿಂತ ಆ ಉಸಿರು ಎಷ್ಟೋ ಗಿಡ್ಡವಾಗಿತ್ತು.

"ಕೊನೇ ಎಲೆ" ಎಂದ ಗಿರಿಧರ ಎದ್ದು ನಿಂತು. "ಹದಿನೇಳು ವಿಕೆಟ್ ತೆಗೆದ ನಮ್ಮ ಗೌರಕ್ಕನಿಗೆ. ಆಮೇಲೆ ಬೌಲಿಂಗ್ ಬದಲಾವಣೆ ಮಾಡಿಸಿದ ವೆಂಕಟಾಚಲ ಸ್ವಾಮಿಗಳಿಗೆ. ಸ್ವಾಮಿಗಳು ಏನಾದರೂ ಅಪ್ಪಣೆ ಕೊಡಿಸಬೇಕು."

ಗೌರಮ್ಮ ನಕ್ಕಳು. ಕೃಷ್ಣಮೂರ್ತಿಗಳು ನಗಲಿಲ್ಲ. ಈಗ ಹೇಳು ಎನ್ನುವ ಹಾಗೆ ಭಾವಮೈದುನನನ್ನೇ ನೋಡುತ್ತಿದ್ದರು.

ವೆಂಕಟಾಚಲ ಅಂಗೈ ಎತ್ತಿದ. ಆಮೇಲೆ ಇಳಿಸಿದ.

"ಅಕ್ಕ, ನನ್ನ ಟಿವಿ ನಿನ್ನ ಟಿವಿಗಿಂತ ಅರ್ಧ ನಿಮಿಷ ಮುಂದೆ ಓಡುತ್ತೆ. ಬಿದ್ದಿದ್ದನ್ನ ನೋಡ್ಕೊಂಡು ನಿನಗೆ ನಾಮ ಹೇಳು ಅಂತಿದ್ದೆ. ನನಗೇನೂ ಕಾಣಲ್ಲ. ಯಾವತ್ತೂ ಕಂಡಿಲ್ಲ."

ಗೌರಮ್ಮ ಎದ್ದು, ತಿಂಡಿಯ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಡುಗೆಮನೆಗೆ ಹೋದಳು. ಗಿರಿಧರ ನಿಂತವನು ನಿಂತೇ ಇದ್ದ. "ಮಾಡಿದ್ಯಲ್ಲಪ್ಪ" ಎಂದರು ಭಾವ ಮೆಲ್ಲಗೆ.

ಅಡುಗೆಮನೆಯ ಕಿಟಕಿಯಿಂದ ವಸ್ತ್ರಾಪುರದ ಕೆರೆಯ ಒಂದು ತುಂಡು ಕಾಣುತ್ತದೆ. ಗೌರಮ್ಮ ಅದರ ಕಡೆ ಮುಖ ಮಾಡಿ ನಿಂತಿದ್ದಳು. ನೀರಿನ ಮೇಲೆ ಹನ್ನೊಂದು ಗಂಟೆಯ ಬಿಸಿಲು ನಿದ್ದೆ ಹೋದಂತೆ ಬಿದ್ದಿತ್ತು.

"ಅಕ್ಕ."

"ನಾಮ ಹೇಳು ಅಂತ ಹೇಳಿ ನನಗೇ ನಾಮ ಹಾಕಿದ್ಯಲ್ಲೋ" ಎಂದಳು. ಬೈದಳೋ ನಕ್ಕಳೋ ಧ್ವನಿಯಲ್ಲಿ ತಿಳಿಯಲಿಲ್ಲ.

"ತಪ್ಪಾಯ್ತು."

"ಹದಿನೇಳೂ?"

"ಹದಿನೇಳೂ."

"ಮಳೆ ನಿಂತ ಮೇಲೆ ಬಿದ್ದನಲ್ಲ, ನಾನು ಕಣ್ಣು ಮುಚ್ಕೊಂಡು ಹೇಳಿದ್ದು?"

"ಅದೂ ಅಷ್ಟೇ ಅಕ್ಕ."

ಅವಳು ಕಿಟಕಿಯಿಂದ ಇತ್ತ ತಿರುಗಿದಳು. "ಹೇಗಿರುತ್ತೋ ಅದು? ಮುಂಚೇನೇ ಗೊತ್ತಿರೋದು?"

ಇದನ್ನು ಯಾರಾದರೂ ಕೇಳಿಯಾರು ಎಂದು ಅವನು ಎಣಿಸಿರಲಿಲ್ಲ. "ಚೆನ್ನಾಗಿರಲ್ಲ ಕಣಕ್ಕ. ಬಿದ್ದಾಗ ಕೂಗೋಣ ಅನ್ಸುತ್ತೆ, ಕೂಗೋ ಹಾಗಿಲ್ಲ. ನೀನು ಕೂಗೋ ಹೊತ್ತಿಗೆ ನನ್ನ ಖುಷಿ ಆರಿಹೋಗಿರುತ್ತೆ. ಒಬ್ಬನೇ ಇದ್ದ ಹಾಗಿರುತ್ತೆ."

"ದೇವರಿಗೂ ಹಾಗೇ ಇರುತ್ತೇನೋ" ಎಂದಳು ಗೌರಮ್ಮ. "ಪಾಪ."

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಎದೆ ಸೀಳ್ತಾರಂತೆ. ನನಗೆ ಹೆದರಿಕೆ ಕಣೋ. ಹೆದರಿಕೆ ಅಂತ ನಿಮ್ಮ ಭಾವನ ಹತ್ರ ಹೇಳೋಕೆ ನಾಚಿಕೆ. ಅದಕ್ಕೆ ನಾಮ ಇದೆ, ನಾಮ ಇದೆ ಅಂತ ದೇವರನ್ನ ಅಡ್ಡ ಇಟ್ಕೊಂಡೆ. ನೀನು ನನಗೆ ನಾಮ ಹಾಕಿದೆ, ನಾನು ಅವನಿಗೇ ಹಾಕೋಕೆ ಹೋದೆ."

"ನನಗೂ ಹೆದರಿಕೆ ಅಕ್ಕ."

"ನಿನಗೆ ಯಾವತ್ತು ಇರ್ಲಿಲ್ಲ?" ಅವಳು ಘಾರಿಯ ಡಬ್ಬಿಯನ್ನು ಮುಚ್ಚಿ ಮೇಲಿನ ಹಲಗೆಗೆ ಸರಿಸಿದಳು. "ಗುರುವಾರ ಬರ್ತೀವಿ ಅಂತ ಡಾಕ್ಟರಿಗೆ ಫೋನ್ ಮಾಡೋಕೆ ಹೇಳು ನಿಮ್ಮ ಭಾವನಿಗೆ."

"ಏನಾಗುತ್ತೆ ಅಂತ ನನ್ನ ಕೇಳಬೇಡ."

"ನಿನ್ನ ಯಾರು ಕೇಳಿದ್ರು?" ಎಂದಳು ಅಕ್ಕ.

ಗುರುವಾರ ಬೆಳಿಗ್ಗೆ ಏಳಕ್ಕೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಭಾವ ಮತ್ತು ಭಾವಮೈದುನ ಇಬ್ಬರೇ ಕೂತರು. ಬಾಗಿಲಾಚೆ ಏನೇನು ನಡೆಯುತ್ತಿದೆಯೋ, ಅದರ ಸುದ್ದಿ ಈಚೆಗೆ ಬರಲು ಎಷ್ಟು ಹೊತ್ತೋ. ವೆಂಕಟಾಚಲ ತಂತಿ ಸುತ್ತುವವನ ಹಾಗೆ ಏನನ್ನೋ ಎಣಿಸಲು ಹೊರಟು ನಡುವೆ ಬಿಟ್ಟ. ಎಷ್ಟರವರೆಗೆ ಎಣಿಸಬೇಕು ಎನ್ನುವುದೇ ತಿಳಿಯದ ಮೇಲೆ ಎಣಿಸುವುದೇನು. ತುಟಿ ಮಾತ್ರ ತಾನಾಗಿ ಆಡುತ್ತಿತ್ತು. ಮಾತು ಕಡಿಮೆಯಾದವನ ಬಾಯಿಗೆ ನಾಮ ಸುಲಭವಾಗಿ ಒಗ್ಗಿತು.

ಮಧ್ಯಾಹ್ನ ಭಾವ ಇದ್ದಕ್ಕಿದ್ದಂತೆ, "ನಿಧಾನಪ್ಪನಿಗೆ ಪಾಯಸ ಕೊಡಬಹುದಿತ್ತು ಕಣೋ" ಎಂದರು.

"ಗಿರಿಧರ ಬಿಡ್ತಿದ್ನೇ?"

"ಅವನು ಕ್ರೀಸಲ್ಲಿ ಹಾಗೆ ನಿಂತಿದ್ದು ಸುಲಭ ಅಲ್ಲ. ನನಗೆ ಇವತ್ತು ಗೊತ್ತಾಯ್ತು ನೋಡು."

ಒಮ್ಮೆ ಡಾಕ್ಟರು ಬಂದು ಕೆಲಸ ಮುಗಿಯಿತು, ಎಚ್ಚರವಾಗುವವರೆಗೆ ನೋಡೋಣ ಎಂದು ಹೋದರು. ಹೊತ್ತು ಇಳಿಯಿತು. ಗೋಡೆಗೆ ತಲೆಯಾನಿಸಿದ ವೆಂಕಟಾಚಲನಿಗೆ ಜೊಂಪು ಹತ್ತಿತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಎಲ್ಲೋ ಉಯ್ಯಾಲೆ ಹೋಗಿ ಬರುತ್ತಿತ್ತು, ಯಾರೋ ಹತ್ತಿರದಲ್ಲೇ ಉಸಿರಾಡುತ್ತಿದ್ದರು.

ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು. "ಬಾ ಜಾಗಿ ಗಯಾಂ" ಎಂದಳು, ಅಮ್ಮನಿಗೆ ಎಚ್ಚರವಾಯಿತು ಎಂದು. ನಲವತ್ತಾರು ವರ್ಷ ಗುಜರಾತಿನಲ್ಲಿದ್ದವನಿಗೆ ಇಲ್ಲಿ ಬಾ ಅಂದರೆ ಅಮ್ಮ ಎಂದು ಗೊತ್ತಿಲ್ಲದೆ ಇರುತ್ತದೆಯೇ? ಆದರೆ ಆ ಗಳಿಗೆಯಲ್ಲಿ ಅವನ ಕಿವಿಗೆ ಬಿದ್ದದ್ದು ಆ ಮೊದಲ ಅಕ್ಷರ ಮಾತ್ರ, ಅದೂ ಕನ್ನಡದಲ್ಲಿ.

"ಬಂದೆ" ಎಂದು ಎದ್ದ.