ಕ್ಯಾಮೆರಾಗೆ ಹೇಳಿ ಹೋದ ಅತ್ತೆ

ನಮ್ಮತ್ತೆಗೆ ತಾವರೆಕೆರೆಯ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಬೇಕೆಂಬ ಆಸೆ. ದೂರವೇನಲ್ಲ, ಗೌಡಗೆರೆಯಿಂದ ಬಸ್ಸು ಹತ್ತಿದರೆ ಆಯಿತು. ಆದರೆ ದಸರಾ ಹೊತ್ತಿಗೆ ಸರಿಯಾಗಿ ಕಡಲೆಕಾಯಿ ಬಿಡಿಸಿ ಅಂಗಳದಲ್ಲಿ ಹರವಿರುತ್ತೇವೆ. ನಮ್ಮನೆಯವರದು ಪ್ರತಿ ವರ್ಷ ಅದೇ ರಾಗ: "ನೀನು ಹೋದ್ರೆ ಕಾಯಿ ನೋಡ್ಕಳೋರು ಯಾರವ್ವಾ?"

"ನಾನು ಸತ್ಮೇಲೆ ಯಾರು ನೋಡ್ಕಂತಾರೋ ಅವ್ರೇ ಕಣ್ಲಾ," ಅಂತ ಅತ್ತೆ ಮುಖ ಊದಿಸಿಕೊಳ್ಳುತ್ತಿದ್ದರು.

ಹೋದ ವರ್ಷ ನಮ್ಮನೆಯವರು ಕ್ಯಾಮೆರಾ ಹಾಕಿಸಿದರು. "ಇನ್ನು ಹೋಗವ್ವ, ಕಾಯಿ ಮೇಲೆ ನೊಣ ಕೂತ್ರೂ ನನ್ ಫೋನಿಗೆ ಗೊತ್ತಾಗ್ತೈತೆ." ಅತ್ತೆ ಸೀರೆ ಮಡಚುವಷ್ಟರಲ್ಲಿ ಕೋತಿಗಳು ಇಂಟರ್‌ನೆಟ್ ವೈರಿಗೆ ಜೋತುಬಿದ್ದು ಕಿತ್ತು ಹಾಕಿದವು. ಬ್ಯಾಗು ಮತ್ತೆ ಅಟ್ಟ ಸೇರಿತು. ಈ ವರ್ಷ ಸಿಮ್ಮು, ಬ್ಯಾಟರಿ ಇರುವ ಇನ್ನೊಂದು ಡಬ್ಬಿ ಬಂತು. ವೈರು ಸತ್ತರೆ ಅದು ತಾನಾಗೇ ಕೆಲಸ ಹಿಡಿಯುತ್ತದಂತೆ.

"ಈಗ್ಲಾದ್ರೂ ಹೋಗ್ಲೇನ್ಲಾ?"

"ತಡಿಯವ್ವ, ಡಬ್ಬಿ ಹೆಂಗೈತೆ ಅಂತ ಟೆಸ್ಟ್ ಮಾಡ್ಬೇಕು."

ಟೆಸ್ಟಿನ ನೆಪದಲ್ಲಿ ಆಯುಧಪೂಜೆ ದಿನ ನಾವಿಬ್ಬರೂ ಮಧುಗಿರಿಯ ನಮ್ಮಕ್ಕನ ಮನೆಗೆ ಹೊರಟೆವು. ಕಾಯಿ ಕಾಯೋಕೆ ಕ್ಯಾಮೆರಾ, ಕ್ಯಾಮೆರಾ ಕಾಯೋಕೆ ಅತ್ತೆ. ಇಂಥ ಚಂದದ ಏರ್ಪಾಡು ಶಿರಾ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ.

ಅಕ್ಕನ ಮನೆಯಲ್ಲಿ ಹೋಳಿಗೆಗೆ ಕೈ ಹಾಕುವಾಗ ಫೋನು ಕುಂಯ್ ಅಂತು. ಮನೆಯ ಇಂಟರ್‌ನೆಟ್ ಹೋಗಿದೆ, ಸಿಮ್ ಡಬ್ಬಿ ಕೆಲಸ ಹಿಡಿದಿದೆ. ನಮ್ಮನೆಯವರು ಹಿಗ್ಗಿ ಹೀರೇಕಾಯಿಯಾಗಿ, ಫೋನನ್ನು ನಮ್ಮ ಭಾವನಿಗೆ ತೋರಿಸಿ, ಬಾಗಿಲಿಗೆ ಬಂದ ಹೂವಿನವಳಿಗೂ ತೋರಿಸಿದರು.

ಎರಡನೇ ಹೋಳಿಗೆಗೆ ಮತ್ತೆ ಕುಂಯ್. ಅಂಗಳದಲ್ಲಿ ಯಾರೋ ಓಡಾಡುತ್ತಿದ್ದಾರೆ! ಸಿಮ್ಮಿನ ಸಿಗ್ನಲ್ ಸೊರಗಿದ್ದರಿಂದ ವಿಡಿಯೋ ಇಲ್ಲ, ಶಬ್ದ ಇಲ್ಲ, ಬರೀ ಫೋಟೋ. ಮೊದಲನೆಯದರಲ್ಲಿ ದೊಡ್ಡದೊಂದು ಕೈ. ಆಮೇಲಿನದು ಪೂರ್ತಿ ಕೆಂಪು.

"ಅಯ್ಯೋ, ರಕ್ತ ಕಣೇ!"

ದಿನಾ ಜಗಳ ಆಡಿದರೂ ಅತ್ತೆ ಇಲ್ಲದ ಮನೆ ನನಗೆ ಬೇಡ. ಫೋನ್ ಮಾಡಿದರೆ ಎತ್ತಲಿಲ್ಲ. ಪಕ್ಕದ ಮನೆಯವರೂ ಎತ್ತಲಿಲ್ಲ, ಎದುರು ಮನೆಯವರೂ ಎತ್ತಲಿಲ್ಲ. ಕಂಗಾಲಾಗಿ ತಿರುಗಿದರೆ ಅಕ್ಕನ ದೇವರ ಮನೆ ಕಾಣಿಸಿತು: ಕುಡುಗೋಲು, ಮಿಕ್ಸಿ, ಅವುಗಳ ಪಕ್ಕ ಕುಂಕುಮ ಇಟ್ಟುಕೊಂಡು ಮಲಗಿದ ಅಕ್ಕನ ಫೋನು. ಇವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ, ರಜೆ. ಊರಿನ ಫೋನುಗಳೆಲ್ಲ ದೇವರ ಮುಂದೆ ಬಾಯಿ ಮುಚ್ಚಿಕೊಂಡು ಕೂತಿವೆ.

"ಹಂಗಾದ್ರೆ ಆ ಕೆಂಪೂ ಕುಂಕುಮವೇ ಇರ್ಬೇಕು ಕಣ್ರೀ," ಅಂದೆ.

"ಮತ್ತೆ ಅಂಗಳದಾಗೆ ಓಡಾಡಿದ್ದು ಯಾರು, ನಿಮ್ಮಪ್ಪನಾ?" ಅಂತ ಬೈಕ್ ಹತ್ತಿದರು. ಪೂಜೆಗೆ ಕಟ್ಟಿದ ಬಾಳೆಕಂದು ಬಿಚ್ಚಲೂ ಪುರಸೊತ್ತಿಲ್ಲ. ಗೌಡಗೆರೆವರೆಗೂ ಅದು ನನ್ನ ಮೂತಿಗೆ ಬಾರಿಸಿತು.

ಗೇಟಿಗೆ ಬೀಗ. ನಮ್ಮ ಹತ್ತಿರದ ಕೀಲಿಯಿಂದ ತೆಗೆದೆವು. ಕಡಲೆಕಾಯಿ ಟಾರ್ಪಾಲು ಹೊದ್ದು ಸುಖವಾಗಿ ಮಲಗಿದೆ. ಕ್ಯಾಮೆರಾದ ಕಣ್ಣಿಗೆ ಕುಂಕುಮ, ಕುತ್ತಿಗೆಗೆ ಚೆಂಡುಹೂವು. ದೇವರ ಮುಂದೆ ಕಿತ್ತಿಟ್ಟ ಇಂಟರ್‌ನೆಟ್ ಪೆಟ್ಟಿಗೆ, ಪಕ್ಕದಲ್ಲಿ ಅತ್ತೆಯ ಫೋನು. ಅತ್ತೆ ಮಾತ್ರ ಇಲ್ಲ. ಹಿತ್ತಲು, ಕೊಟ್ಟಿಗೆ ಎಲ್ಲಾ ಹುಡುಕಿದೆವು. "ಅವ್ವಾ, ಅವ್ವಾ" ಅಂತ ಕೂಗಿ ಕೂಗಿ ನಮ್ಮನೆಯವರ ದನಿ ಒಡೆದುಹೋಯಿತು.

ಕೊನೆಗೆ ಕ್ಯಾಮೆರಾದ ಕಾರ್ಡಿನಲ್ಲಿ ರೆಕಾರ್ಡ್ ಆಗಿದ್ದನ್ನು ಹಾಕಿದೆವು. ಹೊಸ ಸೀರೆ ಉಟ್ಟ ಅತ್ತೆ, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಕುಂಕುಮದ ಬಟ್ಟಲು. ಕ್ಯಾಮೆರಾಗೆ ಕೈ ಮುಗಿದು ಮಾತಾಡುತ್ತಿದ್ದರು.

"ನೋಡಪ್ಪಾ, ನನ್ ಮಗಂಗೆ ನಿನ್ ಮ್ಯಾಲೂ ನಂಬ್ಕೆ ಇಲ್ಲ, ನಿನ್ ಡಬ್ಬಿ ಮ್ಯಾಲೂ ಇಲ್ಲ. ನಂಗೈತೆ. ಕಾಯಿ ನೋಡ್ಕಂಡಿರು, ತಂಗಿ ಮನೆಗೆ ಹೋಗ್ಬುಟ್ಟು ಬತ್ತೀನಿ. ಅವನ್ನ ಕೇಳುದ್ರೆ ಬುಡಲ್ಲ. ಯಾರ್ಗಾದ್ರೂ ಹೇಳಿ ಹೋಗ್ಬೇಕಲ್ಲ, ನಿಂಗೇ ಹೇಳಿವ್ನಿ."

ಕೈ ಹತ್ತಿರ ಬಂತು, ಪರದೆ ಕೆಂಪಾಯಿತು. ಗೇಟು ಹಾಕಿದ ಸದ್ದು.

"ಹೋಗಿ ಕರ್ಕೊಂಡ್ ಬರ್ತೀರಾ?" ಅಂದೆ.

ನಮ್ಮನೆಯವರು ಟಾರ್ಪಾಲು ಸರಿಸಿ, ಕಾಯಿಗೆ ಕೈಯಾಡಿಸುತ್ತ ಅಲ್ಲೇ ಕೂತರು. ಅತ್ತೆ ತಾವಾಗಿ ಬರುವ ತನಕ ಅಂಗಳ ಬಿಟ್ಟು ಏಳಲಿಲ್ಲ.