ಲೊರೇನ್‌ಗೆ ಕೇಳಿಸದೆ ಹೋದ ಸದ್ದು

ಬೆಳಗಿನ ಆರೂವರೆ. ನೆದರ್ಟನ್ ಕಾಲುವೆಯ ಪಕ್ಕದ ಶೆಡ್‌ಗಳ ಸಾಲಿನಲ್ಲಿ ಒಂದೇ ಒಂದು ಬಾಗಿಲು ಅರ್ಧ ಎದ್ದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಎರಡು ಸ್ವೆಟರ್ ಮೇಲೊಂದು ಎಣ್ಣೆಗಪ್ಪಿನ ಏಪ್ರನ್ ತೊಟ್ಟ ಹೆಂಗಸು ಬೆಂಚಿನ ಮೇಲಿನ ಕಬ್ಬಿಣದ ಗಡ್ಡೆಯೊಂದರ ಮುಂದೆ ಬಾಗಿ ನಿಂತಿದ್ದಾಳೆ. ಅರವತ್ತೆಂಟನೇ ಇಸವಿಯ ಸ್ಪೋರ್ಟ್ಸ್ ಕಾರೊಂದರ ಡಿಫರೆನ್ಶಿಯಲ್ ಅದು. ಹಳೆಯ ಗೇರ್ ಎಣ್ಣೆಯ ಕೊಳೆತ ಮೊಟ್ಟೆಯಂಥ ವಾಸನೆ ಶೆಡ್ ತುಂಬ ಹರಡಿದೆ. ಆಕೆ ಬೆರಳಿನಿಂದ ದೊಡ್ಡ ಹಲ್ಲುಚಕ್ರವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಅಲ್ಲಾಡಿಸುತ್ತಾಳೆ. ಪಕ್ಕದ ಗಡಿಯಾರದಂಥ ಮಾಪಕದ ಮುಳ್ಳು ತುಸುವೇ ನಡುಗುತ್ತದೆ.

"ಒಂದು ಇಂಚನ್ನ ಸಾವಿರ ಪಾಲು ಮಾಡು. ಅದ್ರಲ್ಲಿ ಐದು ಪಾಲು ಸಡಿಲ ಇರ್ಬೇಕು. ಇದ್ರಲ್ಲಿ ಹದಿನೆಂಟಿದೆ," ಎಂದು ನನಗೆ ಹೇಳುತ್ತಾಳೆ, ತಲೆ ಎತ್ತದೆ. "ಐವತ್ತು ವರ್ಷ ಓಡಿದೆ, ಪಾಪ. ನನ್ನ ಮಂಡಿಗಿಂತ ವಾಸಿ."

ಈಕೆ ಲೊರೇನ್ ಹಿಂಗ್ಲಿ, ವಯಸ್ಸು ಅರವತ್ತೇಳು. ಕಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎಂಜಿನ್ನಿನ ಬಲವನ್ನು ಹಾಗೆ ಹಂಚಿಕೊಡುವುದು ಹಿಂದಿನ ಎರಡು ಚಕ್ರಗಳ ನಡುವೆ ಕೂತ ಈ ಗಡ್ಡೆ. ಹೊಳೆಯುವ ಬಣ್ಣಕ್ಕೂ ಎಂಜಿನ್ನಿನ ಗುಡುಗಿಗೂ ಮನಸೋಲುವ ಜನ ಇದರ ಕಡೆ ಬಗ್ಗಿಯೂ ನೋಡುವುದಿಲ್ಲ. ಹಿಂದಿನಿಂದ ಕೊರಗುವ ಸದ್ದು ಶುರುವಾದ ಮೇಲೆ ಮಾತ್ರ ಲೊರೇನ್‌ಳ ಫೋನ್ ನಂಬರ್ ಹುಡುಕುತ್ತಾರೆ. ಈವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಗಡ್ಡೆಗಳನ್ನು ಬಿಚ್ಚಿ ಕಟ್ಟಿದ್ದಾಳೆ. ಒಂದು ಕಾಲಕ್ಕೆ ವಾರಕ್ಕೆ ಮೂರು ಬರುತ್ತಿದ್ದವು. ಈಗ ಒಂದು ಬಂದರೆ ಹೆಚ್ಚು. ಅದಕ್ಕೆ ಕಾರಣವನ್ನು ಅವಳೇ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಹದಿನೇಳನೆಯ ವಯಸ್ಸಿಗೆ ಲೊರೇನ್ ಸೇರಿದ್ದು ಕಾರಿನ ಅಚ್ಚು, ಅಂದರೆ ಆಕ್ಸಲ್, ತಯಾರಿಸುವ ಕಾರ್ಖಾನೆಗೆ. ಅಲ್ಲಿ ಗೋಡೆಗೆ ದಪ್ಪ ಬಟ್ಟೆ ಹೊಡೆದ ಒಂದು ಕೋಣೆಯಿತ್ತು. ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್, ಇವೆರಡನ್ನೂ ಜೋಡಿ ಕಟ್ಟಿ ತಿರುಗಿಸಿ, ಸದ್ದು ಕೇಳಿ, ಈ ಜೋಡಿ ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಬೇರೆ ಮಾಡುವುದು ಅಲ್ಲಿನ ಕೆಲಸ. ಆರು ಜನ ಹೆಂಗಸರು, ದಿನಕ್ಕೆ ತಲಾ ನೂರಿಪ್ಪತ್ತು ಜೋಡಿ. "ಮದುವೆ ಮಾಡ್ಸೋರು ಅಂತ ಗಂಡಸ್ರು ರೇಗಿಸೋರು. ನಾವು ಕೂಡಿಸಿದ್ದು ಎಷ್ಟೋ ಬಾಳ್ತು ಬಿಡು, ನಂದೇ ಬಾಳ್ಲಿಲ್ಲ," ಎಂದು ನಗುತ್ತಾಳೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಕೆಲಸವೇ ನಡೆಯದು. ಹದಿನಾಲ್ಕು ವರ್ಷ ಆ ಚೀರಾಟವನ್ನು ಬರಿ ಕಿವಿಯಲ್ಲೇ ಕೇಳಿದಳು. ಕಾರ್ಖಾನೆ ಮುಚ್ಚಿದಾಗ ಒಂದು ಬೆಂಚು, ಎರಡು ಮಾಪಕ ಕೊಂಡು ಈ ಶೆಡ್ ಹಿಡಿದಳು. ಗಾಡಿ ಕಟ್ಟಿ ರಸ್ತೆಗಿಳಿಸಿ, ಕಿಟಕಿ ಏರಿಸಿ, ಸುಮ್ಮನೆ ಕೇಳುವುದು ಅವಳ ಕೊನೆಯ ಪರೀಕ್ಷೆ. ಸುತ್ತಲಿನವರಿಗೆ ಅವಳ ಕಿವಿಯೇ ಗ್ಯಾರಂಟಿಯಾಗಿತ್ತು.

ಆ ಕಿವಿ ಕೈಕೊಡುತ್ತಿದೆ ಎಂದು ಅವಳಿಗೆ ಗೊತ್ತಾಗಿದ್ದು ಐದು ವರ್ಷದ ಹಿಂದೆ. ಬಲಗಿವಿಯಲ್ಲಿ ಎತ್ತರದ ಸ್ವರಗಳು ಪೂರ್ತಿ ಹೋಗಿವೆ, ಎಡಗಿವಿ ಅರ್ಧ ಎಂದು ಡಾಕ್ಟರು ಹೇಳಿದ್ದರು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಕೇಳುತ್ತದೆ, ಆದರೆ ಗಾಡಿಯೊಳಗೆ ಗಾಳಿಯೂ ಗೇರೂ ಒಂದೇ ಗದ್ದಲ. ಲೊರೇನ್ ಯಾರಿಗೂ ಹೇಳಲಿಲ್ಲ. "ಹೇಳಿದ್ರೆ ಮುಗೀತಲ್ಲ ಚಿನ್ನ. ಕುರುಡನ ಹತ್ರ ಯಾರು ಗೋಡೆಗೆ ಬಣ್ಣ ಹೊಡೆಸ್ತಾರೆ? ಮಾಪಕ ಇದೆ, ಬೆರಳಿದೆ, ಸಾಕು ಅಂತ ನನಗೆ ನಾನೇ ಹೇಳ್ಕೊಂಡೆ."

ಎರಡು ವರ್ಷದ ಹಿಂದಿನ ಅಕ್ಟೋಬರ್. ನಿವೃತ್ತ ಪೋಸ್ಟ್‌ಮ್ಯಾನ್ ರೋಲಂಡ್ ಪಿಯರ್ಸಲ್ ತಮ್ಮ ಎರಡು ಸೀಟಿನ ಹಸಿರು ಕಾರನ್ನು ತಂದುಬಿಟ್ಟರು. ಲೊರೇನ್ ಬಿಚ್ಚಿ, ಬೇರಿಂಗ್ ಬದಲಿಸಿ, ಕಟ್ಟಿ, ರಸ್ತೆಗಿಳಿಸಿದಳು. ಸದ್ದಿಲ್ಲ ಎಂದುಕೊಂಡು ಕೀಲಿ ಕೊಟ್ಟಳು. ಸದ್ದಿತ್ತು. ಪಿನಿಯನ್ನಿನ ಬೇರಿಂಗ್ ಬೇಕಾದಷ್ಟು ಬಿಗಿಯಾಗಿರಲಿಲ್ಲ; ಎಕ್ಸಲರೇಟರ್‌ನಿಂದ ಕಾಲು ತೆಗೆದಾಗಲೆಲ್ಲ ಅದು ಸಣ್ಣಗೆ ಊಳಿಡುತ್ತಿತ್ತು. ಹನ್ನೊಂದನೆಯ ದಿನ ಬ್ಯೂಡ್ಲಿ ಊರು ದಾಟಿದ ಮೇಲಿನ ಇಳಿಜಾರಿನಲ್ಲಿ ಬೇರಿಂಗ್ ಪುಡಿಯಾಯಿತು, ಹಿಂದಿನ ಚಕ್ರಗಳು ಕಚ್ಚಿ ನಿಂತವು, ಕಾರು ಅಡ್ಡ ತಿರುಗಿ ಕಲ್ಲಿನ ಗೋಡೆಗೆ ಬಡಿಯಿತು. ರೋಲಂಡ್‌ಗೆ ಸೊಂಟ ಮುರಿಯಿತು. ಪಕ್ಕದಲ್ಲಿದ್ದ ಹೆಂಡತಿ ಹೇಜಲ್‌ಗೆ ಎಡಭುಜ. ಹೇಜಲ್ ಮನೆಯ ಮುಂದಿನ ಕೋಣೆಯಲ್ಲೇ ಮೂವತ್ತೆಂಟು ವರ್ಷದಿಂದ ಹೆಂಗಸರ ಕೂದಲು ಕತ್ತರಿಸುತ್ತಿದ್ದವರು. ಕತ್ತರಿ ಬಾಚಣಿಗೆ ಹಿಡಿಯುತ್ತಿದ್ದ ಆ ಎಡಗೈ ಮತ್ತೆ ಭುಜದಿಂದ ಮೇಲೆ ಏಳಲಿಲ್ಲ.

ವಿಮೆಯವನು ಶೆಡ್‌ಗೆ ಬಂದು, ಹಳೇ ಗಾಡಿ, ಬೇರಿಂಗಿನ ಲೋಹದಲ್ಲೇ ದೋಷ ಇತ್ತು ಅಂತ ಬರೆದುಬಿಡೋಣ, ಯಾರಿಗೂ ತೊಂದರೆಯಿಲ್ಲ ಎಂದನಂತೆ. ಲೊರೇನ್ ಒಪ್ಪಲಿಲ್ಲ. "ನನಗೆ ಕಿವಿ ಕೇಳಿಸಲ್ಲ, ಮುಚ್ಚಿಟ್ಟೆ ಅಂತ ಬರೀರಿ ಅಂದೆ. ಆವಯ್ಯ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡ್ದ." ಅದೇ ಮಾತನ್ನು ಆಸ್ಪತ್ರೆಗೆ ಹೋಗಿ ಗಂಡಹೆಂಡಿರ ಮುಂದೆಯೂ ಹೇಳಿದಳು. ರೋಲಂಡ್ ಅತ್ತರು. ಹೇಜಲ್ ಅಳಲಿಲ್ಲ.

"ನನಗೆ ಕೇಳಿಸಿತ್ತು. ಮೊದಲನೇ ದಿನಾನೇ ಕೇಳಿಸಿತ್ತು," ಎಂದರಂತೆ ಹೇಜಲ್, ಚಾವಣಿ ನೋಡುತ್ತ. "ಹಿಂದೆ ಏನೋ ಅಳ್ತಿದೆ ರೀ ಅಂದೆ. ಇವ್ರು ನಕ್ಕರು. ಲೊರೇನ್ ಕಿವಿಗಿಂತ ನಿನ್ನ ಕಿವಿ ಚುರುಕೇನೇ ಅಂದ್ರು. ನಾನೂ ಸುಮ್ಮನಾದೆ. ಈಗ ಹೋಗು ನೀನು."

ಲೊರೇನ್ ಹೋದಳು. ಶೆಡ್‌ಗೆ ಬೀಗ ಹಾಕಿ ಐದು ತಿಂಗಳು ಮನೆಯಿಂದ ಹೊರಬರಲಿಲ್ಲ. ಸುದ್ದಿ ಹಬ್ಬಿ ಗಿರಾಕಿಗಳು ಕಳಚಿಕೊಂಡರು. ಕೆಲವರು ಮನೆಗೆ ಬಂದು ಶೆಡ್ಡಿನ ಕೀಲಿ ಇಸಕೊಂಡು, ಬಿಚ್ಚಿಟ್ಟಿದ್ದ ಗಡ್ಡೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಒಯ್ದರು. ಮಾರ್ಚ್‌ನಲ್ಲಿ ಒಂದು ದಿನ ಮನೆಯ ಬಾಗಿಲು ತಟ್ಟಿದ ಸದ್ದು. ನೋಡಿದರೆ ಹೇಜಲ್, ಎಡಗೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಮಳೆಯಲ್ಲಿ ನಿಂತಿದ್ದಾರೆ.

"ನೀನು ಬೀಗ ಹಾಕ್ಕೊಂಡು ಕೂತ್ರೆ ನನ್ನ ಕೈ ಮೇಲೇಳುತ್ತಾ?"

"ಇಲ್ಲ," ಎಂದಳು ಲೊರೇನ್.

"ಈ ಕೆಲ್ಸ ಬರೋರು ಸುತ್ತಮುತ್ತ ಬೇರೆ ಯಾರಿದ್ದಾರೆ?"

"ಇದ್ದ ಇಬ್ಬರೂ ಸತ್ತೋದ್ರು."

"ಹಂಗಾದ್ರೆ ಹಳೇ ಗಾಡಿಯವ್ರು ಯಾರ್ಯಾರ ಕೈಗೋ ಕೊಡ್ತಾರೆ. ನಾಳೆ ಇನ್ಯಾವಳದೋ ಕೈ ಮುರಿಯುತ್ತೆ. ನಿನಗೆ ಕೆಲಸ ಬರುತ್ತೆ, ನನಗೆ ಕಿವಿ ಕೇಳಿಸುತ್ತೆ. ಕಟ್ಟಿದ ಗಾಡಿಯೆಲ್ಲ ನಾನು ಕೂತು ಕೇಳಿದ ಮೇಲೇನೇ ಹೊರಗೆ ಬಿಡ್ಬೇಕು. ಕ್ಷಮಿಸಿದೆ ಅಂತ ಅಂದ್ಕೋಬೇಡ."

ಅಂದಿನಿಂದ ಹೇಜಲ್ ಗುರುವಾರ ತಪ್ಪಿಸಿಲ್ಲ. ಎಪ್ಪತ್ತರ ಈ ಹೆಂಗಸು ಬಸ್ಸಿನಲ್ಲಿ ಬರುತ್ತಾರೆ, ಗಿರಾಕಿಯ ಕಾರಿನಲ್ಲಿ ಲೊರೇನ್ ಪಕ್ಕ ಕೂರುತ್ತಾರೆ, ಇಳಿದು ಬಸ್ಸಿನಲ್ಲೇ ವಾಪಸಾಗುತ್ತಾರೆ. ಇಬ್ಬರ ನಡುವೆ ಬೇರೆ ಮಾತಿಲ್ಲ.

ನಾನು ಶೆಡ್‌ಗೆ ಹೋಗಿದ್ದ ವಾರವೂ ಅದನ್ನೇ ಕಂಡೆ. ಮೊದಲ ದಿನ ಬೆಂಚಿನ ಮೇಲಿದ್ದ ಗಡ್ಡೆ ಸ್ಟೌರ್‌ಬ್ರಿಜ್‌ನ ದಂತವೈದ್ಯರೊಬ್ಬರ ಕೆಂಪು ಕಾರಿನದು. ಲೊರೇನ್ ಮೂರು ದಿನ ಅದರ ಮುಂದೆ ನಿಂತಳು. ಸವೆದ ಜೋಡಿಯನ್ನು ತೆಗೆದು, ಹಳೆಯ ದಾಸ್ತಾನಿನಲ್ಲಿ ಸಿಕ್ಕ ಹೊಸ ಜೋಡಿ ಕೂರಿಸಿದಳು. ಹಲ್ಲಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಉಜ್ಜಿದ ಗುರುತು ಹಲ್ಲಿನ ನಡುಮಧ್ಯಕ್ಕೆ ಬಿದ್ದಿದೆಯೇ ಎಂದು ಕನ್ನಡಕದ ಮೇಲೊಂದು ಭೂತಗಾಜು ಹಿಡಿದು ನೋಡಿದಳು. ಬಿದ್ದಿರಲಿಲ್ಲ. ಕೂದಲೆಳೆ ದಪ್ಪದ ಉಕ್ಕಿನ ಬಿಲ್ಲೆಯೊಂದನ್ನು ಪಿನಿಯನ್ ಹಿಂದೆ ಸೇರಿಸಿ ಮತ್ತೆ ಕಟ್ಟಿದಳು. ಹೀಗೆ ಏಳು ಸಲ. ಕೊನೆಗೆ ಪಿನಿಯನ್ನಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಬಿಗಿ ನೋಡಿದಳು. ಅದನ್ನೇ ಐದು ಸಲ ಎಳೆದಳು. ಮೊದಲು ಎರಡೇ ಸಲ ಎಳೆಯುತ್ತಿದ್ದಳಂತೆ.

ಗುರುವಾರ ಇಬ್ಬರೂ ಕಿಡರ್‌ಮಿನ್‌ಸ್ಟರ್ ರಸ್ತೆಗೆ ಹೋಗಿ ಬಂದರು. ದಂತವೈದ್ಯರು ಶೆಡ್ ಮುಂದೆ ಕಾಯುತ್ತಿದ್ದರು. ಹೇಜಲ್ ಇಳಿದು ಬಾಗಿಲು ಹಾಕಿ, "ನಲವತ್ತೈದು ಮೈಲಿ ವೇಗದಲ್ಲಿ. ಕಾಲು ತೆಗೆದಾಗ. ಸ್ವಲ್ಪ ಸದ್ದು," ಎಂದರು.

ಲೊರೇನ್ ಕೀಲಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. "ಇವತ್ತು ಕೊಡಲ್ಲ ಡಾಕ್ಟ್ರೇ."

"ಶನಿವಾರ ಮಗಳ ಮದುವೆ ಕಣ್ರೀ! ಇಷ್ಟು ಹಳೇ ಗಾಡಿ ಒಂಚೂರು ಗೊಣಗದೆ ಇರುತ್ತಾ?"

"ಮಗಳನ್ನ ಇದ್ರಲ್ಲಿ ಕೂರಿಸ್ತೀರಾ?"

"ಮತ್ತೆ?"

"ಹಂಗಾದ್ರೆ ಖಂಡಿತ ಕೊಡಲ್ಲ."

ಅವರು ಬೈದು, ಟ್ಯಾಕ್ಸಿ ಕರೆಸಿ ಹೋದರು. ಲೊರೇನ್ ಮಧ್ಯಾಹ್ನದ ಊಟ ಬಿಟ್ಟು ಗಡ್ಡೆಯನ್ನು ಮತ್ತೆ ಕೆಳಗಿಳಿಸಿದಳು. ಒಂದು ಬೇರಿಂಗಿನ ಹೊರಬಳೆ ಒಂದು ಕಡೆ ತುಸು ಎತ್ತರಕ್ಕೆ ಕೂತಿತ್ತು, ಉಗುರಿಗೆ ಮಾತ್ರ ತಿಳಿಯುವಷ್ಟು. ಆ ಜಾಗದ ಮೇಲೆ ಇನ್ನೆರಡು ಸಲ ಉಗುರೆಳೆದಳು.

"ಮಾಪಕಕ್ಕೂ ಸಿಕ್ಕಿರಲಿಲ್ಲ ನೋಡು," ಎಂದಳು.

ಮಂಗಳವಾರ ಹೇಜಲ್ ತಾವಾಗಿಯೇ ಮತ್ತೆ ಬಂದರು. ಕೆಂಪು ಕಾರು ಹೋಗಿ ಬಂತು. ಈ ಸಲ ಇಳಿದವರು ಏನೂ ಹೇಳದೆ ಬಸ್ ನಿಲ್ದಾಣದ ಕಡೆ ನಡೆದರು. ಏನೂ ಹೇಳದಿದ್ದರೆ ಗಾಡಿ ಪಾಸಾಯಿತೆಂದು ಅರ್ಥ. ನಾನು ಹಿಂದೆ ಓಡಿ, ಇಷ್ಟು ದಿನವಾಯಿತಲ್ಲ, ಈಗಲಾದರೂ ಲೊರೇನ್‌ಳನ್ನು ಕ್ಷಮಿಸಿದ್ದೀರಾ ಎಂದು ಕೇಳಿದೆ.

"ಬೆಳಿಗ್ಗೆ ಎದ್ದು ನನ್ನ ತಲೆ ನಾನೇ ಬಾಚ್ಕೊಳಕ್ಕಾಗಲ್ಲ," ಎಂದರು ಹೇಜಲ್. "ಇವ್ರು ಬಾಚ್ತಾರೆ, ಸೊಟ್ಟಪಟ್ಟ. ಅದನ್ನ ಒಂದಿನ ಬಂದು ನೋಡಿ, ಆಮೇಲೆ ಈ ಮಾತು ಕೇಳಿ." ಬಸ್ ಬಂತು, ಹತ್ತಿಕೊಂಡರು.

ರೋಲಂಡ್ ಊರುಗೋಲು ಹಿಡಿದು ಆಗಾಗ ಶೆಡ್‌ಗೆ ಬರುತ್ತಾರೆ. ಹಸಿರು ಕಾರಿನ ಆಕ್ಸಲನ್ನು ಅವರೇ ಹಟಮಾಡಿ ಲೊರೇನ್ ಕೈಲಿ ಮತ್ತೆ ಕಟ್ಟಿಸಿದ್ದಾರೆ. ಆದರೆ ಅದು ಹೊದಿಕೆ ಹೊದ್ದು ಅವರ ಮನೆಯ ಹಿಂದೆ ನಿಂತಿದೆ. ಹೇಜಲ್ ಊರವರ ಕಾರುಗಳಲ್ಲೆಲ್ಲ ಕೂರುತ್ತಾರೆ, ಅದರ ಹತ್ತಿರ ಮಾತ್ರ ಸುಳಿಯುವುದಿಲ್ಲ.

ಈ ಕೆಲಸವನ್ನು ಇನ್ನೆಷ್ಟು ದಿನ ಮಾಡುತ್ತೀ ಎಂದು ಹೊರಡುವ ಮುನ್ನ ಕೇಳುತ್ತೇನೆ. ಲೊರೇನ್ ಕಿವಿಯ ಯಂತ್ರ ತೆಗೆದು ಒರೆಸಿ, ಮತ್ತೆ ಸಿಕ್ಕಿಸಿಕೊಂಡು, ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾಳೆ.

"ಎಡಗಿವೀನೂ ಹೋಗ್ತಾ ಇದೆ. ಒಂದೆರಡು ವರ್ಷ ಇರ್ಬೋದು," ಎನ್ನುತ್ತಾಳೆ. "ದೊಡ್ಡ ಆಸೆ ಏನಿಲ್ಲ ಚಿನ್ನ. ಆ ಹಸಿರು ಗಾಡೀಲಿ ಹೇಜಲ್ ಒಂದ್ಸಲ ಕೂತು ಕೇಳ್ಬೇಕು. ಚೆನ್ನಾಗಿದೆ ಅನ್ನೋದೇನೂ ಬೇಡ. ಸದ್ದಿದೆ ಅಂದ್ರೆ ಬಿಚ್ಚಿ ಮತ್ತೆ ಕಟ್ತೀನಿ."